ಬ್ರೇಕ್ ಮೇಷ್ಟ್ರ ಕಾಯಿನ್ ವ್ಯಾಪಾರ

ಆ ಭಾನುವಾರ ಮಧ್ಯಾಹ್ನ ಬ್ರೇಕ್ ಮೇಷ್ಟ್ರು ತಲೆ ತಗ್ಗಿಸಿ, ತಟ್ಟೆ ನೋಡಿಕೊಂಡು, ಊಟ ಮುಗಿಸಿ ಎದ್ದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ. ಆದರೆ ಎದುರಿಗೆ ಹೆಂಡತಿಯ ತಮ್ಮ ಕೂತಿದ್ದ. ಭಾವಮೈದುನನ ಎದುರು ಸೋತು ಎದ್ದೇಳುವ ಶಕ್ತಿಯನ್ನು ದೇವರು ಯಾವ ಗಂಡಸಿಗೂ ಕೊಟ್ಟಿಲ್ಲ. ಮೇಷ್ಟ್ರೂ ಅದಕ್ಕೆ ಹೊರತಲ್ಲ.

ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಒಂದು ಹಳೆಯ ಕಾರು, ಅದರ ನೆತ್ತಿಯ ಮೇಲೆ ‘ಕಲಿಯುತ್ತಿದ್ದೇವೆ, ಕ್ಷಮಿಸಿ’ ಎಂಬ ಹಲಗೆ, ಪಕ್ಕದ ಸೀಟಿನ ಕೆಳಗೆ ಮೇಷ್ಟ್ರಿಗೆಂದೇ ಪ್ರತ್ಯೇಕವಾಗಿ ಕೂರಿಸಿದ ಒಂದು ಬ್ರೇಕು. ಅವರ ಸಂಸ್ಥೆ ಇಷ್ಟೇ. ವರ್ಷಗಟ್ಟಲೆ ಊರವರ ತಪ್ಪಿಗೆಲ್ಲ ತಾವು ಬ್ರೇಕು ಒತ್ತಿ ಒತ್ತಿ ಅವರ ಬಲಗಾಲು ಯಜಮಾನರ ಮಾತು ಕೇಳುವುದನ್ನೇ ಬಿಟ್ಟಿತ್ತು. ಟೀವಿಯಲ್ಲಿ ಯಾರಾದರೂ ಜೋರಾಗಿ ಓಡಿದರೂ ಅದು ನೆಲವನ್ನು ಒತ್ತುತ್ತಿತ್ತು. ಹೆಂಡತಿ ಕೋಪದಲ್ಲಿ ಎದುರಿಗೆ ಬಂದರಂತೂ ಎರಡೂ ಕಾಲು.

ಭಾವಮೈದುನ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದ. ಯಾವ ವಿಷಯವಾದರೂ ಸರಿ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದನೆಂದರೆ ಸಂಜೆಯೊಳಗೆ ಅದರಲ್ಲಿ ಪಂಡಿತನಾಗಿರುತ್ತಿದ್ದ. ಆ ದಿನದ ವಿಷಯ ಕಂಪ್ಯೂಟರಿನ ದುಡ್ಡು.

“ಈಗೆಲ್ಲ ಬಿಟ್‌ಕಾಯಿನ್ ಕಾಲ, ಭಾವ. ಕೈಗೆ ಸಿಗಲ್ಲ, ಕಣ್ಣಿಗೆ ಕಾಣಲ್ಲ, ಬೆಲೆ ಮಾತ್ರ ಅಬ್ಬಬ್ಬಾ! ಹೋಗ್ಲಿ ಬಿಡಿ, ನಿಮ್ಮಂಥೋರಿಗೆ ಇದೆಲ್ಲ ಅರ್ಥ ಆಗಲ್ಲ.”

ಕಡೆಯ ಮಾತೊಂದನ್ನು ಅವನು ನುಂಗಿಕೊಂಡಿದ್ದರೆ ಸಾಕಿತ್ತು.

“ನನ್ನ ಹತ್ರಾನೂ ಇದೆ,” ಎಂದರು ಮೇಷ್ಟ್ರು.

ಹೆಂಡತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. “ಏನಿದೆ?”

“ಅದೇ. ಕಾಯಿನ್ನು.”

ಸುಳ್ಳೇನೂ ಅಲ್ಲ. ಎಷ್ಟೋ ವರ್ಷದ ಹಿಂದೆ ಕಂಪ್ಯೂಟರ್ ಓದುತ್ತಿದ್ದ ಒಬ್ಬ ಶಿಷ್ಯ ಫೀಸು ಕೊಡಲಾಗದೆ, ಮೇಷ್ಟ್ರ ಫೋನು ಇಸಿದುಕೊಂಡು ಅದರಲ್ಲಿ ಏನೇನೋ ಒತ್ತಿ, “ಸರ್, ಫೀಸ್ ಬದ್ಲು ಇದನ್ನ ಇಟ್ಕೊಳ್ಳಿ. ಮುಂದೆ ಒಂದಿನ ನನ್ನ ನೆನೆಸ್ಕೋತೀರಿ,” ಎಂದಿದ್ದ. ಫೀಸು ಕೊಡದವರು ಹೇಳುವ ನೆಪಗಳಿಗೆಲ್ಲ ತಲೆಯಾಡಿಸುವಂತೆ ಮೇಷ್ಟ್ರು ಅದಕ್ಕೂ ತಲೆಯಾಡಿಸಿದ್ದರು. ಆ ಫೋನು ಈಗ ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿ, ದಾರದುಂಡೆಗಳ ನಡುವೆ ಮಲಗಿತ್ತು. ಹೆಂಡತಿ ಮನೆಯಲ್ಲೇ ಪರದೆ ಹೊಲಿದು ಕೊಡುತ್ತಿದ್ದರು. ಯಾವುದನ್ನೂ ಎಸೆಯದಿರುವುದು ಅವರ ಸ್ವಭಾವ.

ಭಾವಮೈದುನ ಗೆದ್ದ ಮುಖದಲ್ಲೇ ಫೋನನ್ನು ಚಾರ್ಜಿಗೆ ಹಾಕಿದ. ತೆರೆದು ನೋಡಿದ. ಇನ್ನೊಮ್ಮೆ ನೋಡಿದ. ಅವನ ಮುಖದ ಗೆಲುವು ನಿಧಾನವಾಗಿ ಇಳಿದುಹೋಯಿತು.

“ಪೂರ್ತಿ ಕಾಯಿನ್ ಏನಲ್ಲ, ಒಂದು ಚೂರು ಅಷ್ಟೇ,” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಆದ್ರೆ ಚೂರಿಗೇ ಇಷ್ಟು ಬೆಲೆನಾ!” ಎಂದ.

ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. “ಹಾಗಾದ್ರೆ ಮಾರ್ಬಿಡಿ. ಅಪ್ಪನ ಕಿವಿಗೆ ಯಂತ್ರ ತರೋಣ.”

ಅಪ್ಪ ಎಂದರೆ ಮೇಷ್ಟ್ರ ಮಾವ, ಅದೇ ಮೇಜಿನ ತುದಿಯಲ್ಲಿ ಪ್ರಸನ್ನರಾಗಿ ಉಣ್ಣುತ್ತಿದ್ದವರು. ಆಯುಷ್ಯವೆಲ್ಲ ಮುದ್ರಣಾಲಯದಲ್ಲಿ ದುಡಿದು, ಅಲ್ಲಿಯ ಯಂತ್ರಗಳಿಗೆ ಎರಡೂ ಕಿವಿಗಳನ್ನು ಒಪ್ಪಿಸಿ ಬಂದಿದ್ದರು. ಯಂತ್ರ ಕೊಡಿಸುವ ಮಾತೆತ್ತಿದರೆ, “ನಂಗೇನಾಗಿದೆ? ಎಲ್ಲಾ ಕೇಳ್ಸತ್ತೆ,” ಎನ್ನುತ್ತಿದ್ದರು. ಹಿಂದೊಮ್ಮೆ ಮಗಳು ಪರದೆ ಹೊಲಿದು ಯಂತ್ರಕ್ಕೆಂದು ಕೂಡಿಟ್ಟ ಹಣದ ಸುಳಿವು ಸಿಕ್ಕಿ, ಹಟ ಹಿಡಿದು ಅದರಲ್ಲಿ ಅಳಿಯನ ಕಾರಿಗೆ ಟೈರು ಹಾಕಿಸಿದ್ದರು. ಆದ್ದರಿಂದ ಈ ಸಲ ಯಂತ್ರದ ವಿಷಯ ಅವರಿಗೆ ತಿಳಿಯಕೂಡದೆಂದು ಅವರ ಎದುರಿಗೇ ಕೂತು ತೀರ್ಮಾನವಾಯಿತು. ಆ ಮನೆಯಲ್ಲಿ ಅದೊಂದು ಅನುಕೂಲವಿತ್ತು.

ಆದರೂ ಎಲ್ಲರ ಮುಖ ನೋಡಿ ಮಾವನಿಗೆ ಏನೋ ನಡೆದಿದೆ ಎನಿಸಿತು. “ಏನಂತೆ?”

“ಕಾಯಿನ್ ಮಾರ್ತಾರಂತೆ, ಅಪ್ಪಾ!” ಮಗಳು ಕೂಗಿದರು.

“ಕಾಯಿನಾ? ಯಾವ ಕಾಯಿ?”

“ಬಿಟ್! ಬಿಟ್‌ಕಾಯಿನ್!”

“ಬೀಟ್‌ರೂಟು ಕಾಯಲ್ಲಮ್ಮ, ಗೆಡ್ಡೆ.” ಮಾವ ಮರುಕದಿಂದ ಅಳಿಯನ ಕಡೆ ತಿರುಗಿದರು. “ಅಷ್ಟು ಕಷ್ಟ ಬಂತಾ ಅಳಿಯಂದಿರೇ? ಕಾರಲ್ಲಿ ಇಟ್ಕೊಂಡು ಮಾರ್ತೀರೋ, ಅಂಗಡಿ ಹಿಡೀತೀರೋ?”

ಈ ಸಂಭಾಷಣೆ ಮಾವನೊಬ್ಬರನ್ನು ಬಿಟ್ಟು ಇಡೀ ಕಟ್ಟಡಕ್ಕೆ ಸ್ಪಷ್ಟವಾಗಿ ಕೇಳಿಸಿತು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಿದ ಮಹಡಿ ಮನೆಯಾಕೆ, “ಮೇಷ್ಟ್ರೇ, ಯಾವ ಕೆಲಸಾನೂ ಕೀಳಲ್ಲ. ನಮ್ಮನೆಗೆ ದಿನಾ ಒಂದು ಕೇಜಿ ಬೀನ್ಸು ನಿಮ್ಮ ಹತ್ರಾನೇ,” ಎಂದು ಧೈರ್ಯ ತುಂಬಿದರು. ಕೆಳಗಿನ ಮನೆಯ ನಿವೃತ್ತರೊಬ್ಬರು ತೂಕದಲ್ಲಿ ಮೋಸ ಮಾಡಬಾರದೆಂದು ಮುಂಗಡವಾಗಿಯೇ ಎಚ್ಚರಿಸಿದರು. ಮೇಷ್ಟ್ರು ಇಬ್ಬರಿಗೂ ಆಗಲಿ ಎಂದರು. ಇಲ್ಲ ಎನ್ನಲು ಹೋದರೆ ಬಿಟ್‌ಕಾಯಿನ್ ಎಂದರೇನೆಂದು ವಿವರಿಸಬೇಕಾಗುತ್ತಿತ್ತು. ಅದು ಅವರಿಗೂ ಗೊತ್ತಿರಲಿಲ್ಲ.

ಕಾಯಿನ್ನನ್ನು ದುಡ್ಡು ಮಾಡಿಕೊಡುವ ಕಂಪನಿಗಳಿವೆ. ಭಾವಮೈದುನ ಅಂಥದ್ದೊಂದನ್ನು ಫೋನಿನಲ್ಲಿ ತೆರೆದುಕೊಟ್ಟ. ಮುಖ ತೋರಿಸಿ ತಾವೇ ತಾವೆಂದು ರುಜುವಾತು ಮಾಡಬೇಕಿತ್ತು. ‘ಬಲಕ್ಕೆ ತಿರುಗಿ’ ಎಂದಿತು ಫೋನು. ಮೇಷ್ಟ್ರು ತಮ್ಮ ಶಿಷ್ಯರಿಗೆ ಕಲಿಸುವ ಕ್ರಮದಲ್ಲೇ ಮೊದಲು ಮೇಲಿನ ಕನ್ನಡಿ ಇರಬೇಕಾದ ಕಡೆ ನೋಡಿದರು, ಆಮೇಲೆ ಭುಜದ ಹಿಂದೆ ನೋಡಿದರು, ಕೈ ಹೊರಚಾಚಿ ಸನ್ನೆ ಮಾಡಿದರು, ಆಮೇಲೆ ತಿರುಗಿದರು. ಅಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ಮಾಡಿದರು. ಮತ್ತೆ ಅದೇ ಕ್ರಮ. ಕೊನೆಗೆ ಫೋನು, ಈ ವ್ಯಕ್ತಿ ಈ ವ್ಯಕ್ತಿಯಲ್ಲ ಎಂದು ತೀರ್ಮಾನಿಸಿ ಬಾಗಿಲು ಮುಚ್ಚಿತು.

“ಸರಿ, ಹಾಗಾದ್ರೆ ಕೈಗೆ ಕೈ ವ್ಯಾಪಾರ,” ಎಂದ ಭಾವಮೈದುನ. “ಅವರು ನೋಟು ತರ್ತಾರೆ, ನೀವು ಫೋನಿಂದ ಕಾಯಿನ್ ಕಳಿಸ್ತೀರಿ. ನಮ್ಮ ಗ್ರೂಪಲ್ಲಿ ಕೊಳ್ಳೋರು ಒಬ್ರು ಇದಾರೆ. ಆದ್ರೆ ಭಾವ, ಹುಷಾರು. ಈ ವ್ಯಾಪಾರದಲ್ಲಿ ದುಡ್ಡು ಕಿತ್ಕೊಂಡು ಓಡೋರೂ ಇರ್ತಾರೆ. ನಾಲ್ಕು ಜನ ಓಡಾಡೋ ಜಾಗ ಬೇಕು, ಕ್ಯಾಮೆರಾ ಇರ್ಬೇಕು, ಕಾವಲುಗಾರ ಇರ್ಬೇಕು.”

ಮೇಷ್ಟ್ರ ಬಲಗಾಲು ನೆಲ ಒತ್ತಿತು. ಅಂಥ ಜಾಗ ಅವರಿಗೆ ಗೊತ್ತಿದ್ದುದು ಒಂದೇ. ಲೈಸೆನ್ಸ್ ಕಚೇರಿಯ ಅಂಗಳ.

“ಭೇಷ್! ನಾನು ಎದುರು ಟೀ ಅಂಗಡೀಲಿ ಕೂತು ಕಾಯ್ತಿರ್ತೀನಿ. ಅವರು ಬಂದು ಒಂದು ಗುಟ್ಟಿನ ಮಾತು ಹೇಳ್ತಾರೆ, ಆಗ ನಿಮಗೆ ಗುರುತು ಸಿಗತ್ತೆ.”

“ಏನು ಮಾತು?”

“ಯಾರಿಗೂ ಅನುಮಾನ ಬರ್ಬಾರ್ದು ನೋಡಿ, ಅದಕ್ಕೆ, ‘ನಾನು ಕಾರು ಕಲಿಯೋಕೆ ಬಂದಿದೀನಿ’ ಅಂತ.”

ಕಾರು ಕಲಿಸುವವನ ಬಳಿ ಬಂದವರೆಲ್ಲ ಹೇಳುವುದು ಅದನ್ನೇ ಎಂಬ ಸಣ್ಣ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ.

ಗೊತ್ತಾದ ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಮೇಷ್ಟ್ರು ಅಂಗಳಕ್ಕೆ ಬಂದು ಕಾರು ನಿಲ್ಲಿಸಿದರು. ಎಲ್ಲಿ ನಿಲ್ಲಿಸಿದರೆಂದರೆ, ವರ್ಷಗಟ್ಟಲೆ ನಿಲ್ಲಿಸುತ್ತ ಬಂದ ಕಡೆ, ಅಂದರೆ ಪರೀಕ್ಷೆಗೆ ಬಂದ ಕಾರುಗಳ ಸಾಲಿನ ಕೊನೆಯಲ್ಲಿ. ಕೈ ತಾನಾಗಿ ತಿರುಗಿಸಿತ್ತು. ಇಳಿದು, ತಮ್ಮ ಮಾಮೂಲಿನ ಪಕ್ಕದ ಸೀಟಿಗೆ ಬಂದು ಕೂತರು.

ಬಿಸಿಲಿನಲ್ಲಿ ಒಬ್ಬರು ನಡೆದು ಬಂದರು. ಕಪ್ಪು ಕನ್ನಡಕ, ಟೋಪಿ, ಆ ಸೆಕೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು, ಕಂಕುಳಲ್ಲಿ ನೆಲಕ್ಕೆ ಹಾಸುವ ಟೈಲ್ಸಿನ ಒಂದು ರಟ್ಟಿನ ಪೆಟ್ಟಿಗೆ. ಕಾವಲುಗಾರನಿಂದ ಹಿಡಿದು ಗೋಡೆಯ ಮೇಲಿನ ಬೆಕ್ಕಿನವರೆಗೆ ಅಂಗಳದಲ್ಲಿದ್ದವರೆಲ್ಲ ಅವರನ್ನೇ ನೋಡಿದರು. ಯಾರ ಕಣ್ಣಿಗೂ ಬೀಳಬಾರದೆಂದು ಅವರ ಹೆಂಡತಿ ಮಾಡಿ ಕಳಿಸಿದ ಅಲಂಕಾರವಂತೆ ಅದು.

ಅವರು ಕಿಟಕಿಗೆ ಬಗ್ಗಿ, “ನಾನು ಕಾರು ಕಲಿಯೋಕೆ ಬಂದಿದೀನಿ,” ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಮೈಯಲ್ಲಿ ಗುರು ಆವಾಹನೆಯಾದ. “ಫೀಸು ಮುಂಗಡ. ಹೊತ್ತಿಗೆ ಸರಿಯಾಗಿ ಬರ್ಬೇಕು. ಕೂತ್ಕೊಳ್ಳಿ, ಡ್ರೈವರ್ ಸೀಟಲ್ಲಿ. ಕಪ್ಪು ಕನ್ನಡಕ ತೆಗೀರಿ, ಅದ್ರಲ್ಲಿ ಏನ್ ಕಾಣತ್ತೆ ನಿಮಗೆ?”

ಬಂದವರು ಇದೂ ಗುಟ್ಟಿನ ಒಂದು ಭಾಗವೆಂದು ತಿಳಿದು ಕನ್ನಡಕ ತೆಗೆದು ಕೂತರು.

“ಸೀಟು ಮುಂದಕ್ಕೆ ಎಳ್ಕೊಳ್ಳಿ. ಕಾಲು ಸಿಗತ್ತಾ? ಬೆಲ್ಟು ಹಾಕ್ಕೊಳ್ಳಿ. ಇದು ಕ್ಲಚ್ಚು. ಇದನ್ನ ಹೆಂಡತಿ ಥರ ನೋಡ್ಕೋಬೇಕು, ತಟಕ್ಕನೆ ಬಿಟ್ರೆ ಕೆಟ್ಟೋಗತ್ತೆ.”

ಬೆಲ್ಟಿನಲ್ಲಿ ಬಂದಿಯಾದ ಮೇಲೆ ಆ ಮನುಷ್ಯನಿಗೆ ಗಾಬರಿಯಾಯಿತು. “ಅದೆಲ್ಲ ಸರಿ, ಕಾಯಿನ್ ಯಾವಾಗ ಕೊಡ್ತೀರಿ?”

“ಯಾವ ಕಾಯಿನ್ನು?”

“ಅಯ್ಯಯ್ಯೋ! ನನ್ನ ಹೆಂಡ್ತಿ ಆಗ್ಲೇ ಹೇಳಿದ್ಳು!”

“ಓ... ನೀವಾ!” ಮೇಷ್ಟ್ರು ಹಣೆ ಚಚ್ಚಿಕೊಂಡರು. “ಕ್ಷಮಿಸಿ, ಸ್ವಾಮಿ. ದಿನಾ ಇದೇ ಮಾತು ಕೇಳಿ ಕೇಳಿ...”

ಬಂದವರಿಗೆ ಟೈಲ್ಸ್ ಅಂಗಡಿಯಿತ್ತು. ಮಫ್ಲರು ಬಿಚ್ಚಿ ಬೆವರು ಒರೆಸಿಕೊಂಡ ಮೇಲೆ ನೋಡಿದರೆ ದುಡ್ಡು ಕಿತ್ತು ಓಡುವವರ ಮುಖವಲ್ಲ. ಹಾಗೆ ಓಡಿದರೂ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಶರೀರ. ಮೇಷ್ಟ್ರು ಕುತೂಹಲ ತಡೆಯಲಾರದೆ ಕೇಳಿದರು: “ನಿಮಗ್ಯಾಕೆ ಬೇಕು ಸ್ವಾಮಿ, ಈ ಕಾಯಿನ್ನು?”

“ನನ್ನ ಅಳಿಯ ಇದಾನೆ. ಊಟಕ್ಕೆ ಬಂದಾಗಲೆಲ್ಲ ಇದರದ್ದೇ ಮಾತು. ನಾನು ಏನಾದ್ರೂ ಕೇಳಿದ್ರೆ, ‘ನಿಮಗೆ ಅರ್ಥ ಆಗಲ್ಲ ಬಿಡಿ, ಮಾವ’ ಅಂತಾನೆ. ಮಗಳ ಎದುರಿಗೆ.”

ಮೇಷ್ಟ್ರಿಗೆ ಆ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು.

ಆಮೇಲೆ ವ್ಯಾಪಾರ. ಪೆಟ್ಟಿಗೆಯ ಮುಚ್ಚಳ ಒಂದಿಷ್ಟು ಸರಿಯಿತು, ಒಳಗೆ ನೋಟುಗಳು ಇಣುಕಿದವು, ಮುಚ್ಚಳ ಮುಚ್ಚಿತು. ಕಾಯಿನ್ ಬಂದು ಸೇರುವವರೆಗೆ ಪೆಟ್ಟಿಗೆ ಯಾರ ತೊಡೆಯ ಮೇಲಿರಬೇಕೆಂಬುದು ಪ್ರಶ್ನೆಯಾಯಿತು. ಕೊನೆಗೆ ಅವರ ಕಡೆಯೂ ಬೇಡ, ಇವರ ಕಡೆಯೂ ಬೇಡ ಎಂದು ಹಿಂದಿನ ಸೀಟಿನಲ್ಲಿಟ್ಟರು. ಮೇಷ್ಟ್ರು ಭಾವಮೈದುನ ಹೇಳಿಕೊಟ್ಟಂತೆ ಫೋನು ಒತ್ತಿದರು.

“ಇನ್ನು ಕಾಯಬೇಕು,” ಎಂದರು. “ಅದ್ಯಾವುದೋ ದೃಢೀಕರಣ ಅಂತೆ. ಮೂರು ಸಲ ಬರ್ಬೇಕಂತೆ. ಆಮೇಲೇ ಅದು ನಿಮ್ಮದು.”

ಟೈಲ್ಸಿನವರ ಫೋನು ಟಿಂಗ್ ಎಂದಿತು. “ಒಂದು ಬಂತು!” ಎಂದು ಅವರು ಮಗುವಿನಂತೆ ನಕ್ಕರು.

ಆಗ ಹಿಂದಿನ ಬಾಗಿಲು ತೆರೆಯಿತು. ಯಾರೋ ಧಡಕ್ಕನೆ ಕೂತರು. ಬಾಗಿಲು ಮುಚ್ಚಿತು.

“ಗಾಡಿ ತೆಗೀರಿ,” ಎಂದಿತು ಒಂದು ಗಡಸು ದನಿ.

ಅವರು ಫೇಲ್ ಸಾಹೇಬರು. ಲೈಸೆನ್ಸ್ ಪರೀಕ್ಷಕರು. ಅವರ ಹೆತ್ತವರಿಟ್ಟ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಇನ್ನೊಬ್ಬರ ಟೀ ಕುಡಿಯಬಾರದೆಂದು ಮನೆಯಿಂದ ಫ್ಲಾಸ್ಕು ತರುವವರು, ಕಚೇರಿಯ ಪೆನ್ನಿನಲ್ಲಿ ಸ್ವಂತದ ಒಂದು ಅಕ್ಷರ ಬರೆಯದವರು. ಒಮ್ಮೆ ತಮ್ಮ ಸ್ವಂತ ಸೋದರಳಿಯನನ್ನು ಫೇಲು ಮಾಡಿ, ಅಕ್ಕನ ಮನೆಗೆ ಹೋಗುವ ದಾರಿ ತಾವೇ ಮುಚ್ಚಿಕೊಂಡವರು. ಅಂದು ಊಟಕ್ಕೆ ಮೊದಲು ಸಾಲು ಮುಗಿಸಬೇಕೆಂದು ಹೊರಟಿದ್ದರು. ಸಾಲಿನಲ್ಲಿ ಉಳಿದಿದ್ದುದು ಒಂದೇ ಕಾರು; ಅದರಲ್ಲಿ ಕೂತಿದ್ದವರು ಪರಿಚಯದ ಮೇಷ್ಟ್ರು. ಹಾಗಾಗಿ ಕಾಗದ ಪತ್ರ ಆಮೇಲೆ ನೋಡಿದರಾಯಿತೆಂದು ನೇರವಾಗಿ ಬಂದು ಕೂತರು.

ಕಾಯಿನ್ ವಿಷಯ ಸರ್ಕಾರಕ್ಕೆ ಗೊತ್ತಾಗಿ, ಹಿಡಿಯಲು ಸಾಹೇಬರನ್ನೇ ಕಳಿಸಿದೆ ಎಂದುಕೊಂಡರು ಮೇಷ್ಟ್ರು.

ಟೈಲ್ಸಿನವರು ಕನ್ನಡಿಯಲ್ಲಿ ಆ ಮುಖವನ್ನು ನೋಡಿ ಬಿಳಿಚಿಕೊಂಡರು. “ಇವರ್ಯಾರು? ನಿಮ್ಮ ಕಡೆಯೋರಾ?” ಎಂದು ಪಿಸುಗುಟ್ಟಿದರು.

“ಹೌದು... ಅಂದ್ರೆ, ಅಲ್ಲ...”

“ಒಬ್ರೇ ಬರ್ತೀನಿ ಅಂದಿದ್ರಲ್ರೀ!”

“ಅದೇನು ಗುಸುಗುಸು?” ಹಿಂದಿನಿಂದ ಗುಡುಗು ಬಂತು. “ಹ್ಯಾಂಡ್‌ಬ್ರೇಕ್ ಬಿಡಿ.”

ಟೈಲ್ಸಿನವರಿಗೆ ಹ್ಯಾಂಡ್ ಎಂಬುದಷ್ಟೇ ಕೇಳಿಸಿತು. ಎರಡೂ ಕೈ ಮೇಲೆತ್ತಿದರು.

“ಕೈ ಯಾಕ್ರೀ ಎತ್ತಿದ್ರಿ? ಇದೇನು ಶರಣಾಗತಿ ಪರೀಕ್ಷೆನಾ? ಗಾಡಿ ಓಡ್ಸಿ!”

“ನಂಗೆ ಓಡ್ಸೋಕೆ ಬರಲ್ಲ, ಸ್ವಾಮಿ!”

“ಬರತ್ತೋ ಇಲ್ವೋ ಹೇಳ್ಬೇಕಾದೋನು ನಾನು. ಓಡ್ಸಿ.”

ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಕಾಪಾಡುವುದು ಅಭ್ಯಾಸವೊಂದೇ. ಮೇಷ್ಟ್ರ ತಲೆ ಕೆಲಸ ನಿಲ್ಲಿಸಿತ್ತು, ಬಾಯಿ ಮಾತ್ರ ತನ್ನ ಪಾಡಿಗೆ ಪಾಠ ಶುರುಮಾಡಿತು. “ಕ್ಲಚ್ ಒತ್ತಿ. ಗೇರು ಹಾಕಿ. ನಿಧಾನಕ್ಕೆ ಬಿಡಿ. ನಿಧಾನ... ನಿಧಾನ ಅಂದೆ!”

ಕಾರು ಒಮ್ಮೆ ಕೆಮ್ಮಿ, ಕಪ್ಪೆಯಂತೆ ನೆಗೆಯಿತು. ಅಂಗಳದ ನಡುವೆ ಸಾಲಾಗಿ ನೆಟ್ಟಿದ್ದ ಕೆಂಪು ಬಿಳಿ ಕಂಬಗಳಲ್ಲಿ ಮೊದಲನೆಯದು ಮಲಗಿತು, ಅದರ ಹಿಂದೆ ಎರಡನೆಯದು. ಕಾವಲುಗಾರ ತನ್ನ ಕುರ್ಚಿ ಎತ್ತಿಕೊಂಡು ಓಡಿದ. ಅಷ್ಟರಲ್ಲಿ ಟಿಂಗ್ ಎಂದು ಫೋನು ಕೂಗಿತು. ಆ ಪ್ರಾಣಸಂಕಟದಲ್ಲೂ ಟೈಲ್ಸಿನವರು, “ಬಂತು! ಇನ್ನೊಂದು ದೃಢೀಕರಣ ಬಂತು!” ಎಂದರು.

“ನಾನಿನ್ನೂ ಏನೂ ದೃಢೀಕರಿಸಿಲ್ಲ!” ಎಂದು ಸಾಹೇಬರು ಕಿರುಚಿದರು. “ಮುಂದೆ ಗೋಡೆ! ಗೋಡೆ!”

ಮೇಷ್ಟ್ರು ಎರಡೂ ಕಾಲಲ್ಲಿ ಬ್ರೇಕಿನ ಮೇಲೆ ಎದ್ದು ನಿಂತರು. ಕಾರು ಗೋಡೆಗೆ ಮೂಗು ತಾಗಿಸಿ ನಿಂತಿತು. ಹಿಂದಿನ ಸೀಟಿನ ಪೆಟ್ಟಿಗೆ ಮಾತ್ರ ನಿಲ್ಲಲಿಲ್ಲ. ಅದು ಹಾರಿ, ಮುಂದಿನ ಸೀಟಿನ ಬೆನ್ನಿಗೆ ಬಡಿದು, ತೆರೆದುಕೊಂಡು, ಫೇಲ್ ಸಾಹೇಬರ ಮಡಿಲಲ್ಲಿ ನೋಟುಗಳನ್ನು ಸುರಿಯಿತು.

ಸಾಹೇಬರು ಮಡಿಲು ನೋಡಿಕೊಂಡರು. ಅವರ ದನಿ ತಣ್ಣಗಾಯಿತು. “ಇದೇನು?”

“ದುಡ್ಡು, ಸಾರ್,” ಎಂದರು ಮೇಷ್ಟ್ರು.

“ಯಾರಿಗೆ?”

ಟೈಲ್ಸಿನವರಿಗೆ ತಾವು ದರೋಡೆಕೋರರ ಕೈಗೆ ಸಿಕ್ಕಿದ್ದೇವೆಂಬುದರಲ್ಲಿ ಇನ್ನು ಸಂಶಯವಿರಲಿಲ್ಲ. ಕೈಮುಗಿದು ಅತ್ತೇಬಿಟ್ಟರು. “ತಗೊಳ್ಳಿ, ಸಾರ್, ಎಲ್ಲಾ ನೀವೇ ತಗೊಳ್ಳಿ! ನನ್ನೊಬ್ಬನ್ನ ಬಿಟ್ಬಿಡಿ, ಸಾಕು!”

ಇನ್ನೊಬ್ಬರ ಒಂದು ಗುಟುಕು ಟೀಯನ್ನೂ ಮುಟ್ಟದ ಮನುಷ್ಯ ಅಂದು ಕೂಗಿದ ಕೂಗು ಎದುರಿನ ಟೀ ಅಂಗಡಿಯ ಗಾಜಿನ ಲೋಟಗಳನ್ನು ನಡುಗಿಸಿತಂತೆ. ಹಾಗೆ ಹೇಳಿದವನು ಭಾವಮೈದುನ. ಅವನು ಅಲ್ಲೇ ಕೂತಿದ್ದ. ಕೂಗು ಕೇಳಿದವನೇ ಭಾವನ ರಕ್ಷಣೆಗೆ ಓಡುವ ಬದಲು ಮೇಜಿನ ಕೆಳಗೆ ಕೂತು ಅಕ್ಕನಿಗೆ ಫೋನು ಮಾಡಿದ: “ಅಕ್ಕಾ, ಭಾವನ್ನ ಹಿಡಿದ್ರು!”

ಕಚೇರಿಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಊಟದ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಫೇಲ್ ಸಾಹೇಬರು ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕುವುದಕ್ಕೂ ಸರಿಹೋಯಿತು. ಮೇಷ್ಟ್ರೂ ಟೈಲ್ಸಿನವರೂ ತಪ್ಪು ಮಾಡಿದ ಶಾಲಾಮಕ್ಕಳಂತೆ ಗೋಡೆಗೆ ಒತ್ತಿ ನಿಂತರು. ಬಾಗಿಲಲ್ಲಿ ಗುಮಾಸ್ತರ ತಲೆಗಳು ತುಂಬಿಕೊಂಡವು.

“ಲಂಚ, ಮೇಡಂ! ನನಗೆ! ಪೆಟ್ಟಿಗೆ ತುಂಬ!”

“ಲಂಚ ಅಲ್ಲ, ಮೇಡಂ,” ಮೇಷ್ಟ್ರು ಹೇಳಿದರು. “ಇವರು ನನ್ನ ಹತ್ರ ಕಾಯಿನ್ ಕೊಂಡ್ರು. ಅದರ ದುಡ್ಡು.”

“ಎಲ್ಲಿ, ಕಾಯಿನ್ ತೋರ್ಸಿ.”

“ಅದು ಕಾಣಿಸಲ್ಲ, ಮೇಡಂ.”

“ಕಾಣದೇ ಇರೋ ಕಾಯಿನ್ನಿಗೆ ಕಾಣೋ ನೋಟು ಕೊಟ್ರಾ?” ಮೇಡಂ ಟೈಲ್ಸಿನವರನ್ನು ಮೇಲಿಂದ ಕೆಳಗೆ ನೋಡಿದರು. “ಬುದ್ಧಿ ಇದೆಯಾ ನಿಮಗೆ?”

“ಅಳಿಯನೂ ಅದನ್ನೇ ಕೇಳ್ತಾನೆ, ಮೇಡಂ,” ಎಂದರು ಅವರು ದೀನರಾಗಿ.

ಮೇಷ್ಟ್ರು ಬಿಟ್‌ಕಾಯಿನ್ ಎಂದರೇನೆಂದು ವಿವರಿಸತೊಡಗಿದರು. ಲೋಕದಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆ, ಆದರೆ ಯಾರ ಕಂಪ್ಯೂಟರಿನಲ್ಲೂ ಇಲ್ಲ. ನನ್ನ ಫೋನಿನಲ್ಲಿದೆ, ಆದರೆ ಫೋನಿನೊಳಗಿಲ್ಲ. ಈಗ ಇವರ ಕಡೆ ಹೊರಟಿದೆ, ಆದರೆ ಇನ್ನೂ ತಲುಪಿಲ್ಲ. 

ಬಾಗಿಲಲ್ಲಿದ್ದ ಒಬ್ಬ ಗುಮಾಸ್ತ, “ನಮ್ಮ ಪಿಂಚಣಿ ಥರ,” ಎಂದ. ಅದೊಂದನ್ನು ಬಿಟ್ಟರೆ ಆ ವಿವರಣೆಯಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ತಲೆಗಳನ್ನು ಸರಿಸಿಕೊಂಡು ಮೇಷ್ಟ್ರ ಹೆಂಡತಿ ನುಗ್ಗಿದರು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಿಂದೆ ಮಾವ. ಅವರ ಹಿಂದೆ, ತರಕಾರಿ ವ್ಯಾಪಾರ ಶುರುವಾಗುವ ಮೊದಲೇ ಇದೇನಾಯಿತೆಂದು ಮಹಡಿ ಮನೆಯಾಕೆ. ಎಲ್ಲರ ಹಿಂದೆ, ಯಾರಿಗೂ ಸಂಬಂಧವಿಲ್ಲದವನಂತೆ ಭಾವಮೈದುನ.

ಮೇಜಿನ ಮೇಲಿನ ದುಡ್ಡನ್ನೂ ಗೋಡೆಗೆ ನಿಂತ ಅಳಿಯನನ್ನೂ ನೋಡಿದ ಮಾವನಿಗೆ ಎಲ್ಲವೂ ಅರ್ಥವಾಯಿತು. ಅಂದರೆ, ಅವರಿಗೆ ಅರ್ಥವಾಗಬಹುದಾದ ರೀತಿಯಲ್ಲಿ.

“ನನ್ನ ಅಳಿಯ ಕಾಯಿಪಲ್ಲೆ ಮಾರಿದ್ರೆ ನಿಮಗೇನ್ರಿ ನೋವು?” ಎಂದು ಮೇಜು ಗುದ್ದಿದರು. “ಕಳ್ತನ ಮಾಡಿದಾರಾ? ಸಂಸಾರ ಸಾಕೋಕೆ ಮಾನ ಬಿಟ್ಟು ಬೀದಿಗೆ ಬಂದಿದಾರೆ! ಬೀಟ್‌ರೂಟ್ ಮಾರೋದು ಯಾವ ದೇಶದಲ್ಲಿ ಅಪರಾಧ, ಹೇಳಿ!”

“ಬೀಟ್‌ರೂಟಾ?” ಎಂದರು ದೊಡ್ಡ ಮೇಡಂ.

“ಅಪ್ಪಾ, ಸುಮ್ಮನಿರು!” ಮಗಳು ಕೂಗಿದರು.

“ಯಾಕೆ ಸುಮ್ಮನಿರ್ಲಿ? ಇವರನ್ನ ಈ ಗತಿಗೆ ತಂದೋರು ಯಾರು? ಅದನ್ನ ಹೇಳು ಮೊದ್ಲು!”

ಮಗಳ ತಾಳ್ಮೆ ಮುಗಿದಿತ್ತು. ಎಷ್ಟೋ ದಿನದಿಂದ ಬಚ್ಚಿಟ್ಟದ್ದು ಬಾಯಿಂದ ಹಾರಿಬಂತು, ಮನೆಯಲ್ಲಿ ಕೂಗುವುದಕ್ಕಿಂತ ಎರಡರಷ್ಟು ಜೋರಾಗಿ:

“ನೀನೇ! ನಿನಗೋಸ್ಕರ! ನಿನ್ನ ಕಿವಿಗೆ ಯಂತ್ರ ತರೋಕೆ ಅಂತ ಇಷ್ಟೆಲ್ಲ ಮಾಡಿದ್ದು!”

ಈ ಸಲ ಮಾವನಿಗೂ ಕೇಳಿಸಿತು.

ಮಾವ ಮೇಜಿನ ಮೇಲಿಂದ ಮುಷ್ಟಿ ತೆಗೆದು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡರು.

“ನಂಗಾ?” ಎಂದರು. “ನಂಗ್ಯಾಕೆ? ನೀವು ಕೂಗಿದ್ರೆ ಕೇಳ್ಸತ್ತಲ್ಲ.”

ದೊಡ್ಡ ಮೇಡಂ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೈಗೆತ್ತಿಕೊಂಡರು. “ಸರಿ, ದೂರು ಅಂದ ಮೇಲೆ ಬರ್ಕೋಬೇಕಾಗತ್ತೆ. ಸಾಹೇಬ್ರೇ, ನೀವು ಪರೀಕ್ಷೆ ಮಾಡಿದ್ರಲ್ಲ, ಈ ಅಭ್ಯರ್ಥಿಯ ಅರ್ಜಿ ಕೊಡಿ.”

ಫೇಲ್ ಸಾಹೇಬರು ಟೈಲ್ಸಿನವರನ್ನು ನೋಡಿದರು. “ಅರ್ಜಿ ಎಲ್ರಿ?”

“ನಾನು ಅರ್ಜಿ ಹಾಕೇ ಇಲ್ಲ, ಸಾರ್.”

“ಕಲಿಕೆ ಲೈಸೆನ್ಸು?”

“ಸೈಕಲ್ಲೂ ಬರಲ್ಲ, ಸಾರ್. ಅದನ್ನೇ ಕಾರಲ್ಲಿ ಹೇಳ್ದೆ.”

ಮೇಡಂ ಪೆನ್ನನ್ನು ಕೆಳಗಿಡಲಿಲ್ಲ. “ಅಂದ್ರೆ, ಅರ್ಜಿ ಇಲ್ಲ, ಲೈಸೆನ್ಸ್ ಇಲ್ಲ, ಗಾಡಿ ಬರಲ್ಲ ಅಂತ ಬಾಯ್ಬಿಟ್ಟು ಹೇಳ್ತಿರೋ ಮನುಷ್ಯನಿಗೆ ‘ಓಡ್ಸಿ’ ಅಂತ ಅಪ್ಪಣೆ ಕೊಟ್ಟು, ಹಿಂದೆ ಕೂತು, ಸರ್ಕಾರದ ಎರಡು ಕಂಬ ಬೀಳಿಸಿದ್ರಿ. ಹಾಗೇ ಬರೀಲಾ?”

ಫೇಲ್ ಸಾಹೇಬರ ಮುಖ ನೋಡುವಂತಿರಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ಯಾರ ಕಾಗದವನ್ನೂ ನೋಡದೆ ಬಿಟ್ಟವರಲ್ಲ; ಒಂದು ದಿನ ಹಸಿವೆಗೆ ಸೋತಿದ್ದರು. ತಾವೇ ಫೇಲಾಗಿ ನಿಂತ ಆ ಮನುಷ್ಯನನ್ನು ಕಂಡು ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು.

“ಸಾಹೇಬರ ತಪ್ಪಲ್ಲ, ಮೇಡಂ. ಪರೀಕ್ಷೆಯ ಸಾಲಲ್ಲಿ ಕಾರು ನಿಲ್ಲಿಸಿದ್ದು ನಾನು. ಅವರು ಬಂದು ಕೂತಾಗ ಬಾಯಿ ಬಿಡದೇ ಇದ್ದೋನೂ ನಾನು. ಕಂಬ ನಾನೇ ನೆಡಿಸಿಕೊಡ್ತೀನಿ.”

ಫೇಲ್ ಸಾಹೇಬರು ಕತ್ತೆತ್ತಿ ಮೇಷ್ಟ್ರನ್ನು ನೋಡಿದರು. ಆ ಕಚೇರಿಯಲ್ಲಿ ಅವರ ಪರವಾಗಿ ಯಾರಾದರೂ ಮಾತಾಡಿದ್ದು ಅದೇ ಮೊದಲಿರಬೇಕು.

ಆ ಹೊತ್ತಿಗೆ ಸರಿಯಾಗಿ ಟಿಂಗ್ ಎಂದಿತು.

ಟೈಲ್ಸಿನವರು ಫೋನು ತೆಗೆದು ನೋಡಿದರು. ಕಾಯಿನ್ ಈಗ ಪೂರ್ತಿಯಾಗಿ ಅವರದಾಗಿತ್ತು. ದುಡ್ಡಿನ ಪೆಟ್ಟಿಗೆಯೂ ಅವರದೇ, ಅದರ ಮೇಲೆ ಅವರ ಅಂಗಡಿಯ ಹೆಸರೇ ಇತ್ತು. ಅದನ್ನು ಎತ್ತಿಕೊಂಡು ನಡೆದುಬಿಟ್ಟಿದ್ದರೆ ಯಾವ ಕಚೇರಿಯಲ್ಲೂ ಏನನ್ನೂ ರುಜುವಾತು ಮಾಡುವ ದಾರಿ ಮೇಷ್ಟ್ರಿಗಿರಲಿಲ್ಲ. ಕಾಣದ ಕಾಯಿನ್ ಕಳೆಯಿತೆಂದು ಯಾರಿಗೆ ಹೇಳುವುದು? ಭಾವಮೈದುನನಿಗೆ ಇದು ಮೊದಲು ಹೊಳೆಯಿತು. ಅವನು ಕಣ್ಣು ಮುಚ್ಚಿಕೊಂಡ.

ಟೈಲ್ಸಿನವರು ಮೇಜಿನವರೆಗೆ ಹೋಗಿ ಪೆಟ್ಟಿಗೆಯನ್ನು ಎತ್ತಿದರು. ಮಾವನ ಮುಂದೆ ಹೋಗಿ ನಿಂತರು.

“ತಗೊಳ್ಳಿ, ಯಜಮಾನ್ರೇ,” ಎಂದರು. ಕೇಳಿಸುವುದಿಲ್ಲವೆಂಬುದು ನೆನಪಾಗಿ ಕೂಗಿದರು: “ಬಂತು! ಇದು ನಿಮ್ಮದು!”

ಮಾವ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ನಿಂತರು. ಮಹಡಿ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು, ತರಕಾರಿಯ ಮಾತು ಮರೆತು.

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಲಾಭ ಬಂದಿದ್ರೆ ತೆರಿಗೆ ಕಟ್ಟಬೇಕು. ಕಂಬ ನೆಡಿಸಬೇಕು. ಇನ್ನೊಮ್ಮೆ ಈ ಅಂಗಳದಲ್ಲಿ ಕಾಣೋದನ್ನಾಗ್ಲಿ ಕಾಣದ್ದನ್ನಾಗ್ಲಿ ಮಾರಕೂಡದು. ಎಲ್ಲರೂ ಹೊರಡಿ, ನನ್ನ ಊಟ ಆರಿಹೋಯ್ತು.”

ಮೆಟ್ಟಿಲಿಳಿಯುವಾಗ ಟೈಲ್ಸಿನವರು ಮೇಷ್ಟ್ರ ತೋಳು ಹಿಡಿದು ನಿಲ್ಲಿಸಿದರು. “ಫೀಸು ಮುಂಗಡ ಅಂದ್ರಲ್ಲ, ಎಷ್ಟು? ಆ ಗೋಡೆ ಹತ್ರ ಬಂದಾಗ ಹೆದರಿಕೆ ಆಯ್ತು ನಿಜ. ಆದ್ರೆ ಅದಕ್ಕೆ ಮುಂಚೆ ಒಂದು ಕ್ಷಣ, ಗಾಡಿ ನನ್ನ ಮಾತು ಕೇಳ್ತು, ಸ್ವಾಮಿ!” ಅವರು ನಿಜವಾಗಿಯೂ ಸೇರಿಕೊಂಡರು. ಅವರಷ್ಟು ಕೆಟ್ಟದಾಗಿ ಓಡಿಸುವ ಶಿಷ್ಯ ಮೇಷ್ಟ್ರಿಗೆ ಹಿಂದೆ ಸಿಕ್ಕಿರಲಿಲ್ಲ. ಪರೀಕ್ಷೆಯ ದಿನ ಫೇಲ್ ಸಾಹೇಬರು ಎಲ್ಲ ಕಾಗದಗಳನ್ನೂ ಎರಡೆರಡು ಸಲ ನೋಡಿ, ಆಮೇಲೆ ಫೇಲು ಮಾಡಿದರು.

ಕಿವಿಯ ಯಂತ್ರ ಹುರುಳಿಕಾಳಿನಷ್ಟಿತ್ತು. ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಮಾವ ಅಂಗಡಿಯಲ್ಲಿ ಜಗಳ ಕಾಯ್ದರು. ಅಂಗಡಿಯಾಕೆ ಅದನ್ನು ಕಿವಿಗೆ ಸೇರಿಸಿದ ಮೇಲೆ ಜಗಳವಾಡುತ್ತಿದ್ದವರು ತಮ್ಮದೇ ದನಿ ಕೇಳಿ ಬೆಚ್ಚಿ ಬಾಯಿ ಮುಚ್ಚಿಕೊಂಡರು. ದಾರಿಯುದ್ದಕ್ಕೂ ಕಾರಿನ ಕಿಟಕಿ ಇಳಿಸಿ, ಏರಿಸಿ, ಮತ್ತೆ ಇಳಿಸಿ ಬೀದಿಯ ಸದ್ದು ಕೇಳಿ ನೋಡುತ್ತಿದ್ದರು.

ಸಂಜೆ ಮೇಷ್ಟ್ರೂ ಮಾವನೂ ಮುಂದಿನ ಕೋಣೆಯಲ್ಲಿ ಕೂತಿದ್ದರು. ಒಳಗೆ ಹೆಂಡತಿ ಪರದೆ ಬಟ್ಟೆ ಕತ್ತರಿಸುತ್ತ, ತಮ್ಮ ಪಾಡಿಗೆ ತಾವು ಯಾವುದೋ ಹಾಡು ಗುನುಗುತ್ತಿದ್ದರು. ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮೇಲಿನ ಸ್ವರ ಬಂದಾಗಲೆಲ್ಲ ದನಿ ಮೆಟ್ಟಿಲು ತಪ್ಪಿ ಜಾರಿಬೀಳುತ್ತಿತ್ತು, ಎದ್ದು ಮತ್ತೆ ಹತ್ತುತ್ತಿತ್ತು. ಮದುವೆಯಾದಾಗಿನಿಂದ ಮೇಷ್ಟ್ರು ದಿನವೂ ಕೇಳುತ್ತ ಬಂದದ್ದು.

ಮಾವ ತಲೆ ಒಂದು ಕಡೆ ವಾಲಿಸಿಕೊಂಡು ಕೇಳುತ್ತಿದ್ದರು. ಹಾಡು ಮುಗಿಯಿತು. ಇನ್ನೊಂದು ಶುರುವಾಯಿತು. ಅದೂ ಜಾರಿತು.

ಅವರು ಅಳಿಯನ ಕಡೆ ಬಗ್ಗಿ, ಆ ಮನೆಯಲ್ಲಿ ಅದುವರೆಗೆ ಯಾರೂ ಅವರೊಡನೆ ಆಡಿರದಷ್ಟು ಮೆಲ್ಲಗೆ ಕೇಳಿದರು:

“ಇಷ್ಟು ವರ್ಷ ಇದನ್ನ ನೀವೊಬ್ರೇ ಕೇಳಿಸ್ಕೊಂಡ್ರಾ, ಅಳಿಯಂದಿರೇ?”

ಅದು ಅನುಕಂಪವೋ ಹೊಟ್ಟೆಕಿಚ್ಚೋ ಮೇಷ್ಟ್ರಿಗೆ ತಿಳಿಯಲಿಲ್ಲ. ಹೌದು ಎಂದು ತಲೆಯಾಡಿಸಿ, ಕುರ್ಚಿಯನ್ನು ಸ್ವಲ್ಪ ಸರಿಸಿ, ಮಾವನಿಗೆ ಒಳಬಾಗಿಲ ಹತ್ತಿರ ಜಾಗ ಮಾಡಿಕೊಟ್ಟರು.